ವಿಷ ಸೇರಿದೆ ಎಂಬ ಅನುಮಾನ: ಎಮರ್ಜೆನ್ಸಿ ವಾರ್ಡಿನ ಒಳಗೆ ಏನು ನಡೆಯುತ್ತದೆ, ಹೊರಗಿರುವ ನೀವು ಏನು ಮಾಡಬೇಕು

"ಹೊಟ್ಟೆ ಯಾಕೆ ತೊಳೆಯಲಿಲ್ಲ?" "ಆರಾಮಾಗಿಯೇ ಇದ್ದಾರಲ್ಲ, ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?" "ಯಾವ ವಿಷ ಅಂತಲೇ ಗೊತ್ತಿಲ್ಲದೆ ಚಿಕಿತ್ಸೆ ಹೇಗೆ ಕೊಡ್ತಾರೆ?"

ಓದುಗರಿಂದ ಈ ಮೂರು ಪ್ರಶ್ನೆಗಳು ಬರುತ್ತಲೇ ಇವೆ. ಕೇಳುವವರಲ್ಲಿ ಹೆಚ್ಚಿನವರು ವಾರ್ಡಿನ ಬಾಗಿಲ ಹೊರಗೆ ಗಂಟೆಗಟ್ಟಲೆ ಕಾದು ಕೂತು ಬಂದವರು. ಒಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಒಳಗಿರುವವರಿಗೂ ಆ ಹೊತ್ತಿನಲ್ಲಿ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ವಿಷದ ಹೆಸರು ಪತ್ತೆಯಾದ ಮೇಲೆ ಚಿಕಿತ್ಸೆ ಶುರುವಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ನಿಜಕ್ಕೂ ಡಾಕ್ಟರ್ ಮೊದಲು ನೋಡುವುದು ಮನುಷ್ಯನನ್ನು. ವಿಷದ ಸರದಿ ಆಮೇಲೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ನಿಮ್ಮ ಕಣ್ಣೆದುರಿಗೇ ಈಗ ಯಾರಿಗಾದರೂ ಹೀಗಾಗಿದ್ದರೆ ಓದುವುದನ್ನು ನಿಲ್ಲಿಸಿ. ನಿಮ್ಮ ಊರಿನ ತುರ್ತು ಸಂಖ್ಯೆಗೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಹೊರಡುವ ಮೊದಲು: ಜೊತೆಗೆ ಏನು ಬೇಕು, ಏನು ಮಾಡಬಾರದು

ಆಸ್ಪತ್ರೆಗೆ ನೀವು ಒಯ್ಯಬಹುದಾದ ಅತಿ ದೊಡ್ಡ ಸಹಾಯ ಆ ಬಾಟಲಿ ಅಥವಾ ಪೊಟ್ಟಣ. ಖಾಲಿಯಾಗಿದ್ದರೂ ತನ್ನಿ. ಮಾತ್ರೆಯ ಸ್ಟ್ರಿಪ್ ಹರಿದು ಬಿದ್ದಿದ್ದರೆ ಆ ಚೂರುಗಳನ್ನೂ ತನ್ನಿ. ಬ್ರ್ಯಾಂಡ್ ಹೆಸರಿಗಿಂತ ಒಳಗೆ ಏನಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವ ಭಾಗ ಮುಖ್ಯ. ಒಂದೇ ಹೆಸರಿನ ಕೀಟನಾಶಕದಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಬಾಟಲಿ ಸೋರುತ್ತಿದ್ದರೆ ಮುಟ್ಟಬೇಡಿ, ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ತಿಂದದ್ದು ಗಿಡವೋ ಅಣಬೆಯೋ ಆಗಿದ್ದರೆ ಅದರ ತುಂಡು ತನ್ನಿ. ಮನೆಯಲ್ಲಿ ಯಾರು ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿಯೂ ಬೇಕು. ಮಕ್ಕಳು ನುಂಗುವುದು ಎಷ್ಟೋ ಸಲ ಅಜ್ಜ ಅಜ್ಜಿಯ ಬಿ.ಪಿ. ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ.

ಗಡಿಯಾರ ನೋಡಿ. ಯಾವಾಗ ಸೇರಿರಬಹುದು, ಕೊನೆಯ ಸಲ ಚೆನ್ನಾಗಿ ಕಂಡದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಹೊತ್ತು ಮರೆತೇ ಹೋಗುತ್ತದೆ.

ಇನ್ನು ಮಾಡಬಾರದ್ದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ವಾಂತಿ ಮಾಡಿಸಬೇಡಿ. ಗಂಟಲಿಗೆ ಬೆರಳು ಹಾಕುವುದು ಬೇಡ, ಉಪ್ಪುನೀರು ಕುಡಿಸುವುದೂ ಬೇಡ. ಆಸಿಡ್, ಟಾಯ್ಲೆಟ್ ಕ್ಲೀನರ್‌ನಂಥವು ಇಳಿಯುವಾಗ ಒಮ್ಮೆ ಸುಟ್ಟಿರುತ್ತವೆ, ವಾಂತಿಯಾದರೆ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿ ಇದ್ದುದಕ್ಕಿಂತ ಜಾಸ್ತಿ ಅಪಾಯ. ಮಂಪರಿನಲ್ಲಿರುವವರಿಗೆ ವಾಂತಿಯೇ ಉಸಿರುಗಟ್ಟಿಸಬಹುದು. ಉಪ್ಪುನೀರು ಹೆಚ್ಚು ಹೋದರೆ ರಕ್ತದಲ್ಲಿ ಸೋಡಿಯಂ ಏರಿ, ಅದೇ ಇನ್ನೊಂದು ವಿಷವಾಗುತ್ತದೆ. ವಾಂತಿ ಬರಿಸಲೆಂದೇ ಇಪೆಕಾಕ್ ಎಂಬ ಸಿರಪ್ ಒಂದು ಕಾಲದಲ್ಲಿ ಮನೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದಾಗಿತ್ತು. ಅದನ್ನು ಮನೆಯಲ್ಲಿ ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲೇ ಹೇಳಿತು.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನು ಕೂಡ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ವಾಂತಿಯಾದರೂ ಹೊರಕ್ಕೆ ಹರಿದು ಹೋಗುತ್ತದೆ.

ಕಣ್ಣಿಗೆ ಬಿದ್ದಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ ತೊಳೆಯಲು ಶುರು ಮಾಡಿ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಧಾರಾಳವಾಗಿ ನೀರು ಹಾಕಿ, ನಿಮ್ಮ ಕೈಗೆ ಗ್ಲೌಸ್ ಇರಲಿ. ಹೊಗೆ ಅಥವಾ ಗ್ಯಾಸ್ ತುಂಬಿದ ಕೋಣೆಗೆ ಮಾತ್ರ ಯೋಚಿಸದೆ ನುಗ್ಗಬೇಡಿ. ಕಾಪಾಡಲು ಹೋದವರೇ ಒಳಗೆ ಬಿದ್ದಿರುವುದುಂಟು.

ಹಂತ 1: ಮೊದಲು ಉಸಿರು, ಆಮೇಲೆ ಹೆಸರು

ಒಳಗೆ ಹೋದ ಕೂಡಲೇ ನಾಲ್ಕೈದು ಕೆಲಸ ಒಟ್ಟಿಗೇ ನಡೆಯುತ್ತವೆ. ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸಾಕಷ್ಟಿದೆಯೇ, ನಾಡಿ ಮತ್ತು ಬಿ.ಪಿ. ಹೇಗಿದೆ, ಎಚ್ಚರ ಎಷ್ಟಿದೆ, ಮೈ ಬಿಸಿ ಎಷ್ಟಿದೆ ಎಂದು ನೋಡುತ್ತಾರೆ. ಕೈಗೆ ಡ್ರಿಪ್ ಹಾಕುತ್ತಾರೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಂಶ ನೋಡುತ್ತಾರೆ. ಸಕ್ಕರೆ ಇಳಿದರೂ ಮನುಷ್ಯ ಮಂಪರಾಗುತ್ತಾನೆ, ಫಿಟ್ಸ್ ಬರುತ್ತದೆ. ಅದನ್ನು ನಿಮಿಷಗಳಲ್ಲಿ ಸರಿಪಡಿಸಬಹುದು. ಅದಕ್ಕೇ ಅದನ್ನು ಮೊದಲು ನೋಡುವುದು.

ಎಚ್ಚರವನ್ನು ಅಳೆಯಲು ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಅಳತೆ ಇದೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರಕ್ಕೆ ಅಂಕ ಕೊಟ್ಟು ಕೂಡುತ್ತಾರೆ. ಪೂರ್ತಿ ಎಚ್ಚರವಿದ್ದರೆ 15, ತೀರಾ ಕಡಿಮೆ ಎಂದರೆ 3. ಯಾರೋ "ಜಿ.ಸಿ.ಎಸ್. 9" ಎಂದು ಕೂಗಿದ್ದು ಕೇಳಿಸಿದರೆ ಅದು ಇದೇ. ಅಂಕ ಇಳಿಯುತ್ತಾ ಹೋದರೆ ಗಂಟಲೊಳಗೆ ಟ್ಯೂಬ್ ಇಟ್ಟು ವೆಂಟಿಲೇಟರಿಗೆ ಜೋಡಿಸಬಹುದು. ವೆಂಟಿಲೇಟರ್ ಅಂದರೆ ಉಸಿರಾಟದ ಯಂತ್ರ. "ವೆಂಟಿಲೇಟರ್ ಹಾಕಿದರು, ಇನ್ನು ಮುಗಿಯಿತು" ಎಂದು ಕುಸಿದು ಹೋಗಬೇಡಿ. ದೇಹ ವಿಷವನ್ನು ಹೊರಹಾಕುವ ತನಕ ಉಸಿರಿನ ಕೆಲಸವನ್ನು ಯಂತ್ರ ನೋಡಿಕೊಳ್ಳುತ್ತದೆ. ಅಷ್ಟು ಸಮಯ ಸಿಕ್ಕಿದ್ದರಿಂದಲೇ ಬದುಕಿ ಮನೆಗೆ ಬಂದವರು ಬಹಳ ಜನ.

ಹಂತ 2: ನಿಮ್ಮನ್ನು ಕೇಳುವ ಪ್ರಶ್ನೆಗಳು

ಏನು, ಎಷ್ಟು, ಯಾವಾಗ, ಹೇಗೆ, ಯಾಕೆ. ಐದೇ ಪ್ರಶ್ನೆ. ನರ್ಸ್ ಕೇಳಿದ್ದನ್ನೇ ಡಾಕ್ಟರ್ ಕೇಳುತ್ತಾರೆ, ಅವರು ಕೇಳಿದ್ದನ್ನೇ ಇನ್ನೊಬ್ಬ ಡಾಕ್ಟರ್ ಕೇಳುತ್ತಾರೆ. ಸಿಟ್ಟಾಗಬೇಡಿ. ಎರಡನೇ ಸಲ, ಮೂರನೇ ಸಲ ಹೇಳುವಾಗ ಮರೆತ ಒಂದು ಸಂಗತಿ ನೆನಪಾಗಿ ಹೊರಬರುತ್ತದೆ.

ಎಷ್ಟು ಎಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಅಂದಾಜು ಹೇಳಿ, ಅಂದಾಜು ಎಂದು ಹೇಳಿಯೇ ಹೇಳಿ. ಡಾಕ್ಟರುಗಳು ಸಾಮಾನ್ಯವಾಗಿ ಆಗಬಹುದಾದ ಅತಿ ಹೆಚ್ಚು ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 20 ಮಾತ್ರೆಯ ಡಬ್ಬದಲ್ಲಿ 5 ಉಳಿದಿದ್ದರೆ, 15 ಹೋಗಿದೆ ಎಂದುಕೊಂಡೇ ಮುಂದುವರಿಯುತ್ತಾರೆ.

ಯಾಕೆ ಎಂಬ ಪ್ರಶ್ನೆ ಕಷ್ಟದ್ದು. ತಪ್ಪಿ ಆಯಿತೇ, ಬೇಕೆಂದೇ ಕುಡಿದರೇ, ಬೇರೆ ಯಾರಾದರೂ ಕೊಟ್ಟರೇ? ಮನೆಯ ಮರ್ಯಾದೆ ಎಂದೋ ಪೊಲೀಸರ ಭಯಕ್ಕೋ ಇಲ್ಲಿ ಸುಳ್ಳು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಕೆಂದೇ ತೆಗೆದುಕೊಂಡವರು ಒಂದಕ್ಕಿಂತ ಹೆಚ್ಚು ವಸ್ತು ತೆಗೆದುಕೊಂಡಿರಬಹುದು, ಜೊತೆಗೆ ಮದ್ಯವೂ ಇರಬಹುದು. ಡಾಕ್ಟರ್ ಹುಡುಕುವ ದಾರಿಯೇ ಆಗ ಬೇರೆ. ಎಲ್ಲರ ಮುಂದೆ ಹೇಳಲಾಗದಿದ್ದರೆ "ಒಂದು ನಿಮಿಷ ಪಕ್ಕಕ್ಕೆ ಬನ್ನಿ" ಎಂದು ಕರೆದು ಹೇಳಿ. ಕೇಸು, ಕಾಗದಪತ್ರದ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಹಂತ 3: ಮೈ ಹೇಳುವ ಕಥೆ

ಯಾವ ವಿಷ ಎಂದು ಯಾರಿಗೂ ಗೊತ್ತಿಲ್ಲದೆ ಇದ್ದಾಗಲೂ ಚಿಕಿತ್ಸೆ ಸಾಗುವುದು ಈ ಹಂತದಿಂದಾಗಿ. ಸಾವಿರಾರು ವಿಷಗಳಿದ್ದರೂ ಅವು ಮೈಮೇಲೆ ಮೂಡಿಸುವ ಗುರುತುಗಳು ಕೆಲವೇ ಗುಂಪುಗಳಲ್ಲಿ ಬರುತ್ತವೆ. ಇಂಥ ಲಕ್ಷಣಗಳ ಗುಂಪಿಗೆ ವೈದ್ಯರು ಟಾಕ್ಸಿಡ್ರೋಮ್ ಎನ್ನುತ್ತಾರೆ. ಕಣ್ಣಿನ ಪಾಪೆ, ಚರ್ಮ, ಉಸಿರು, ನಾಡಿ, ಹೊಟ್ಟೆಯ ಸದ್ದು, ಇಷ್ಟನ್ನು ಗಮನವಿಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿ, ಉಸಿರು ನಿಧಾನವಾಗಿ, ಮನುಷ್ಯ ಮಂಪರಾಗಿದ್ದರೆ ಅಫೀಮಿನ ಜಾತಿಯ ಮದ್ದು ಎಂಬ ಅನುಮಾನ. ಮಾರ್ಫಿನ್, ಹೆರಾಯಿನ್, ಕೆಲವು ಗಟ್ಟಿ ನೋವಿನ ಮಾತ್ರೆಗಳು ಇದರಲ್ಲಿ ಬರುತ್ತವೆ.

ಪಾಪೆ ಸಣ್ಣದಾಗಿದ್ದು, ಅದರ ಜೊತೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ? ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕದ ಗುರುತು ಅದು. ದೇಹದ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದುಬಿಟ್ಟ ಹಾಗೆ. ಇಲ್ಲಿ ಜೀವಕ್ಕೆ ಕುತ್ತು ತರುವುದು ಶ್ವಾಸಕೋಶದಲ್ಲಿ ತುಂಬುವ ದ್ರವ ಮತ್ತು ಸೋಲುವ ಸ್ನಾಯುಗಳು.

ಪಾಪೆ ದೊಡ್ಡದಾಗಿ, ನಾಡಿ ಓಡುತ್ತಾ, ಮನುಷ್ಯ ಬಡಬಡಿಸುತ್ತಿದ್ದರೆ ಎರಡು ಗುಂಪುಗಳ ನಡುವೆ ಗೊಂದಲ ಆಗುತ್ತದೆ. ಆಗ ಡಾಕ್ಟರ್ ಕಂಕುಳಿಗೆ ಕೈಯಿಟ್ಟು ನೋಡುತ್ತಾರೆ. ಒದ್ದೆಯಾಗಿದ್ದರೆ ಕೊಕೇನ್, ಆಂಫೆಟಮಿನ್‌ನಂಥ ಉತ್ತೇಜಕದ ಕಡೆಗೆ ಬೆರಳು. ಒಣಗಿದ್ದರೆ ದತ್ತೂರಿಯಂಥ ಗಿಡ, ಅಥವಾ ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳ ಕಡೆಗೆ. ಇಷ್ಟು ಸರಳ ಪರೀಕ್ಷೆ ಇಷ್ಟು ದೊಡ್ಡ ದಾರಿ ತೋರಿಸುತ್ತದೆ ಅಲ್ವಾ!

ಒಂದೇ ಮನೆಯ ಮೂರು ನಾಲ್ಕು ಜನರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದಿದ್ದರೆ ಊಟವನ್ನಷ್ಟೇ ಅನುಮಾನಿಸಿ ಸುಮ್ಮನಾಗಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲೋ ಜನರೇಟರೋ ಗ್ಯಾಸ್ ಹೀಟರೋ ಉರಿಯುತ್ತಿತ್ತೇ ಎಂದು ನೆನಪಿಸಿಕೊಂಡು ಹೇಳಿ. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ ಇಲ್ಲಿ ಮೋಸ ಮಾಡುತ್ತದೆ. ಆಕ್ಸಿಜನ್ ಹೊತ್ತ ರಕ್ತಕ್ಕೂ ಈ ಅನಿಲ ಹೊತ್ತ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರದೆಯ ಮೇಲೆ 98 ಎಂದು ಕಂಡರೂ ಮನುಷ್ಯ ಅಪಾಯದಲ್ಲಿರಬಹುದು. ಇದನ್ನು ಖಚಿತಪಡಿಸಲು ಬೇರೆಯೇ ರಕ್ತಪರೀಕ್ಷೆ ಬೇಕು.

ಲಕ್ಷಣಗಳು ಯಾವಾಗಲೂ ಪುಸ್ತಕದಲ್ಲಿ ಇದ್ದ ಹಾಗೆ ಬರುವುದಿಲ್ಲ. ಎರಡು ಮೂರು ಮದ್ದು ಬೆರೆತರೆ ಒಂದರ ಗುರುತನ್ನು ಇನ್ನೊಂದು ಅಳಿಸುತ್ತದೆ. ಇನ್ನು ವಿಷ ಎಂಬ ಗುಂಗಿನಲ್ಲಿ ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು, ಮೆದುಳಿನ ಸೋಂಕು ಕಣ್ತಪ್ಪಿ ಹೋಗಬಾರದು. ತಲೆಯ ಸಿ.ಟಿ. ಸ್ಕ್ಯಾನ್ ಬೇಕು ಎಂದರೆ ಕಾರಣ ಇದೇ ಇರಬಹುದು.

ಹಂತ 4: ಪರೀಕ್ಷೆಗಳು

"ರಕ್ತ ಪರೀಕ್ಷೆ ಮಾಡಿದರೆ ಯಾವ ವಿಷ ಅಂತ ಗೊತ್ತಾಗಲ್ವಾ?" ಎಲ್ಲ ವಿಷವನ್ನೂ ಹಿಡಿಯುವ ಒಂದೇ ಪರೀಕ್ಷೆ ಇಲ್ಲ. ಮೂತ್ರದಲ್ಲಿ ಕೆಲವು ಮಾದಕ ವಸ್ತುಗಳನ್ನು ಹುಡುಕಬಹುದು, ಆದರೆ ಅದರ ಫಲಿತಾಂಶ ತಪ್ಪುವುದೂ ಇದೆ. ಕೆಲವೇ ವಸ್ತುಗಳ ಮಟ್ಟವನ್ನು ರಕ್ತದಲ್ಲಿ ಅಳೆಯಬಹುದು, ಅಳೆದರೆ ಚಿಕಿತ್ಸೆಗೆ ಉಪಯೋಗವೂ ಆಗುತ್ತದೆ. ಪ್ಯಾರಸಿಟಮಾಲ್, ಆಸ್ಪಿರಿನ್, ಲಿಥಿಯಂ (ಮಾನಸಿಕ ಕಾಯಿಲೆಗೆ ಕೊಡುವ ಮದ್ದು), ಕಬ್ಬಿಣ, ಡಿಗಾಕ್ಸಿನ್ (ಹೃದಯದ ಮದ್ದು) ಇಂಥವು.

ಪ್ಯಾರಸಿಟಮಾಲ್ ವಿಷಯದಲ್ಲಿ ರಕ್ತ ತೆಗೆಯಲು 4 ಗಂಟೆ ಕಾಯುತ್ತಾರೆ. ಇದನ್ನು ನಿರ್ಲಕ್ಷ್ಯ ಎಂದು ಎಷ್ಟೋ ಜನ ಜಗಳ ಮಾಡುತ್ತಾರೆ. ನುಂಗಿ 4 ಗಂಟೆಯಾಗುವ ಮೊದಲು ತೆಗೆದ ರಕ್ತದ ಅಂಕಿಯಿಂದ ಅಪಾಯವನ್ನು ಸರಿಯಾಗಿ ಅಳೆಯಲಾಗದು. 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಎಂಬ ವೈದ್ಯರು ಪ್ರಕಟಿಸಿದ ಒಂದು ನಕ್ಷೆ ಇದೆ. ಎಷ್ಟು ಗಂಟೆಗೆ ಎಷ್ಟು ಮಟ್ಟ ಇದ್ದರೆ ಮದ್ದು ಬೇಕು ಎಂದು ಅದರ ಗೆರೆ ಹೇಳುತ್ತದೆ. ಆ ಗೆರೆ ಶುರುವಾಗುವುದೇ 4ನೇ ಗಂಟೆಯಿಂದ. ನೀವು ಬರೆದಿಟ್ಟುಕೊಂಡ ಹೊತ್ತು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇ.ಸಿ.ಜಿ. ಅಂದರೆ ಹೃದಯದ ವಿದ್ಯುತ್ ಗೆರೆಗಳ ಚಿತ್ರ. ಖಿನ್ನತೆಗೆ ಕೊಡುವ ಹಳೆಯ ಬಗೆಯ ಕೆಲವು ಮಾತ್ರೆಗಳು ಈ ಗೆರೆಗಳನ್ನು ಅಗಲ ಮಾಡುತ್ತವೆ. ಅಗಲವಾದರೆ ಸೋಡಿಯಂ ಬೈಕಾರ್ಬೊನೇಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕಾಗದದ ಮೇಲಿನ ಗೆರೆ ನೋಡಿ ಮದ್ದು ನಿರ್ಧಾರವಾಗುವುದು ಹೀಗೆ. ರಕ್ತದಲ್ಲಿ ಆಮ್ಲ ಎಷ್ಟಿದೆ, ಕಿಡ್ನಿ, ಲಿವರ್ ಹೇಗಿವೆ ಎಂದೂ ನೋಡುತ್ತಾರೆ.

ಹಂತ 5: ವಿಷವನ್ನು ಹೊರಗೆ ತೆಗೆಯುವುದು

ಹೊಟ್ಟೆ ತೊಳೆಯುವುದು ಅಂದರೆ ಬಾಯಿಯಿಂದ ದಪ್ಪ ಟ್ಯೂಬ್ ಇಳಿಸಿ ನೀರು ಬಿಟ್ಟು ತೆಗೆಯುವುದು. ಹಿಂದೆ ಇದನ್ನು ಬಂದವರಿಗೆಲ್ಲ ಮಾಡುತ್ತಿದ್ದರು. ಅಮೆರಿಕ ಮತ್ತು ಯುರೋಪಿನ ವಿಷತಜ್ಞರ ಸಂಘಗಳು 1997ರಲ್ಲಿ ಜಂಟಿಯಾಗಿ ಹೇಳಿಕೆ ಕೊಟ್ಟು, ಇದನ್ನು ವಾಡಿಕೆಯಂತೆ ಎಲ್ಲರಿಗೂ ಮಾಡಬಾರದು ಎಂದವು. ಸ್ವಲ್ಪ ಹೊತ್ತು ಕಳೆದರೆ ಹೊಟ್ಟೆಯಲ್ಲಿ ವಿಷ ಉಳಿದಿರುವುದೇ ಕಡಿಮೆ. ಟ್ಯೂಬ್ ಹಾಕುವಾಗ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು, ಅನ್ನನಾಳಕ್ಕೆ ಗಾಯವಾಗಬಹುದು. ತೀರಾ ಅಪಾಯದ ವಿಷವಾಗಿದ್ದು, ಬೇಗ ಬಂದಿದ್ದು, ಉಸಿರಿನ ದಾರಿ ಸುರಕ್ಷಿತವಾಗಿದ್ದರೆ ಮಾತ್ರ ಈಗ ಯೋಚಿಸುತ್ತಾರೆ. ಆಸಿಡ್, ಸೀಮೆಎಣ್ಣೆ ಕುಡಿದವರಿಗೆ ಮಾಡುವುದೇ ಇಲ್ಲ ಎನ್ನಬಹುದು. ಹಾಗಾಗಿ "ಹೊಟ್ಟೆ ತೊಳೆಯಿರಿ" ಎಂದು ಡಾಕ್ಟರ ಮೇಲೆ ಒತ್ತಡ ಹಾಕಬೇಡಿ. ತೊಳೆಯದೆ ಇರುವುದು ಯೋಚಿಸಿ ತೆಗೆದುಕೊಂಡ ತೀರ್ಮಾನವೇ ಆಗಿರಬಹುದು.

ಅದರ ಬದಲು ಸಕ್ರಿಯ ಇದ್ದಿಲು ಕೊಡಬಹುದು. ನೀರಿನಲ್ಲಿ ಕಲಸಿದ ಕಪ್ಪು ಪುಡಿ. ವಿಶೇಷವಾಗಿ ತಯಾರಿಸಿದ ಈ ಇದ್ದಿಲಿನ ಕಣದ ತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಂದು ಗ್ರಾಂ ಪುಡಿಯ ಮೇಲ್ಮೈ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ವಿಷ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ ಕೊಡುತ್ತಾರೆ. ನುಂಗಿ 1 ಗಂಟೆಯೊಳಗೆ ಕೊಟ್ಟರೆ ಉಪಯೋಗ ಜಾಸ್ತಿ. ಕಬ್ಬಿಣ, ಲಿಥಿಯಂ, ಮದ್ಯಸಾರ, ಆಸಿಡ್, ಕ್ಷಾರ ಇದಕ್ಕೆ ಸರಿಯಾಗಿ ಅಂಟುವುದಿಲ್ಲ. ಮರುದಿನ ಮಲ ಕಪ್ಪಾದರೆ ಹೆದರಬೇಡಿ. ಒಲೆಯ ಇದ್ದಿಲನ್ನು ಕುಟ್ಟಿ ಕೊಡುವ ಸಾಹಸ ಮಾತ್ರ ಖಂಡಿತ ಬೇಡ. ಎರಡೂ ಒಂದೇ ಅಲ್ಲ.

ಕಬ್ಬಿಣದ ಮಾತ್ರೆ, ನಿಧಾನವಾಗಿ ಕರಗುವ ಮಾತ್ರೆಗಳಾದರೆ ಕರುಳು ತೊಳೆಯುವ ದ್ರಾವಣ ಕೊಡುವುದುಂಟು. ಮೆಥನಾಲ್ (ಕಳ್ಳಭಟ್ಟಿಯಲ್ಲಿ ಸೇರಿರಬಹುದಾದ ವಿಷಕಾರಿ ಮದ್ಯಸಾರ), ಲಿಥಿಯಂ, ಆಸ್ಪಿರಿನ್ ರಕ್ತದಲ್ಲಿ ಹೆಚ್ಚಾಗಿದ್ದರೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧ ಮಾಡುವುದು. ಎಲ್ಲ ವಿಷವೂ ಡಯಾಲಿಸಿಸ್‌ಗೆ ಬಗ್ಗುವುದಿಲ್ಲ.

ಮಗು ಬಟನ್ ಬ್ಯಾಟರಿ ನುಂಗಿದ್ದರೆ ಅದು ಬೇರೆಯೇ ಓಟ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ 2 ಗಂಟೆಯಲ್ಲೇ ಆಳವಾಗಿ ಸುಡಬಲ್ಲದು. ಎಕ್ಸ್‌ರೇ ತೆಗೆದು, ಸಿಕ್ಕಿಕೊಂಡಿದ್ದರೆ ತಕ್ಷಣ ತೆಗೆಯುತ್ತಾರೆ. "ನಾಣ್ಯ ಇರಬೇಕು, ನಾಳೆ ನೋಡೋಣ" ಎಂದು ಕೂರಬೇಡಿ.

ಹಂತ 6: ಪ್ರತಿವಿಷ

ಪ್ರತಿವಿಷ ಅಂದರೆ ಒಂದು ವಿಷದ ಕೆಲಸವನ್ನು ತಡೆಯುವ ಮದ್ದು. ಇಂಥ ಮದ್ದು ಇರುವುದು ಕೆಲವೇ ವಿಷಗಳಿಗೆ. ಹೆಚ್ಚಿನವರು ಉಳಿಯುವುದು ಉಸಿರು, ರಕ್ತದೊತ್ತಡ, ಕಿಡ್ನಿಯನ್ನು ಕಾಪಾಡಿಕೊಂಡು ಬಂದದ್ದರಿಂದ. "ಔಷಧಿಯೇ ಇಲ್ಲ ಅಂದರು" ಎಂದು ರೋಗಿಯನ್ನು ಎಬ್ಬಿಸಿಕೊಂಡು ಬೇರೆ ಕಡೆ ಓಡುವ ಮುನ್ನ ಇದನ್ನು ನೆನಪಿಡಿ.

ಅಫೀಮಿನ ಜಾತಿಗೆ ನಲಾಕ್ಸೋನ್. ಕೊಟ್ಟ ನಿಮಿಷಗಳಲ್ಲೇ ಕಣ್ಣು ತೆರೆಯುತ್ತಾರೆ. ಆದರೆ ಇದರ ಪ್ರಭಾವ ಸುಮಾರು 30ರಿಂದ 90 ನಿಮಿಷ ಮಾತ್ರ. ಒಳಗಿರುವ ಅಫೀಮಿನ ಜಾತಿಯ ಮದ್ದು ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಉಸಿರು ಮತ್ತೆ ಇಳಿಯುತ್ತದೆ. ಎದ್ದು ಕೂತರು ಎಂದು ಕರೆದುಕೊಂಡು ಹೋಗಬಾರದು.

ಪ್ಯಾರಸಿಟಮಾಲ್‌ಗೆ ಎನ್-ಅಸಿಟೈಲ್ ಸಿಸ್ಟೀನ್. ನುಂಗಿದ 8 ಗಂಟೆಯೊಳಗೆ ಶುರುವಾದರೆ ಲಿವರ್ ಬಹುತೇಕ ಉಳಿಯುತ್ತದೆ. ತಡವಾಗಿ ಬಂದವರಿಗೂ ಕೊಡುತ್ತಾರೆ, ಪ್ರಯೋಜನ ಇದ್ದೇ ಇದೆ. ಮೆಥನಾಲ್‌ಗೆ ಫೋಮೆಪಿಜೋಲ್, ಅದಿಲ್ಲದಿದ್ದರೆ ಎಥನಾಲ್, ಅಂದರೆ ಕುಡಿಯುವ ಮದ್ಯದಲ್ಲಿರುವ ಮದ್ಯಸಾರ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಹಾಳು ಮಾಡುತ್ತದೆ. ಹಾಗೆ ಬದಲಾಗುವುದನ್ನೇ ಈ ಮದ್ದುಗಳು ತಡೆಯುತ್ತವೆ. ಕಾರ್ಬನ್ ಮೊನಾಕ್ಸೈಡ್‌ಗೆ ಆಕ್ಸಿಜನ್ನೇ ಮದ್ದು.

ಆರ್ಗನೋಫಾಸ್ಫೇಟ್ ಕೀಟನಾಶಕಕ್ಕೆ ಕೊಡುವ ಅಟ್ರೋಪಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯವರು ಹೆಚ್ಚು ಗಾಬರಿಯಾಗುವುದು ಇಲ್ಲಿ. ಐದೈದು ನಿಮಿಷಕ್ಕೆ ಪ್ರಮಾಣವನ್ನು ಎರಡು ಪಟ್ಟು ಮಾಡುತ್ತಾ, ಎದೆಯ ಗೊರಗೊರ ನಿಲ್ಲುವ ತನಕ ಕೊಡುತ್ತಾರೆ. ಆಗ ನಾಡಿ ಓಡುತ್ತದೆ, ಬಾಯಿ ಒಣಗುತ್ತದೆ. ಪ್ರಮಾಣ ಜಾಸ್ತಿಯಾದರೆ ಜ್ವರ ಬರುತ್ತದೆ, ರೋಗಿ ಇಲ್ಲದ್ದನ್ನು ಕಂಡಂತೆ ಬಡಬಡಿಸಿ ಗಾಳಿಯಲ್ಲಿ ಕೈಯಾಡಿಸುತ್ತಾರೆ. "ತಲೆ ಕೆಟ್ಟಿತೇ?" ಎಂದು ಅಳುವವರಿದ್ದಾರೆ. ಮದ್ದು ಕಡಿಮೆ ಮಾಡಿದ ಮೇಲೆ ಅದು ಇಳಿಯುತ್ತದೆ. ಹೀಗೆ ಕಂಡರೆ ನರ್ಸಿಗೆ ತಿಳಿಸಿ.

ಹಂತ 7: ಚೆನ್ನಾಗಿದ್ದರೂ ಇಟ್ಟುಕೊಳ್ಳುವುದು ಯಾಕೆ

ಈ ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆಲವು ವಿಷಗಳು ತಡವಾಗಿ ಕೆಲಸ ಮಾಡುತ್ತವೆ.

ಪ್ಯಾರಸಿಟಮಾಲ್ ಹೆಚ್ಚಾದವರಿಗೆ ಮೊದಲ ದಿನ ವಾಕರಿಕೆಯಷ್ಟೇ ಇರಬಹುದು, ಅದೂ ಇಲ್ಲದಿರಬಹುದು. ಲಿವರಿನ ಪೆಟ್ಟು ಕಾಣುವುದು ಎರಡು ಮೂರು ದಿನದ ಮೇಲೆ. ಕಬ್ಬಿಣದ ಮಾತ್ರೆ ನುಂಗಿದ ಮಗು ವಾಂತಿ ಮಾಡಿ, ಕೆಲವು ಗಂಟೆಗಳ ನಂತರ ಚೇತರಿಸಿಕೊಂಡ ಹಾಗೆ ಆಟವಾಡಬಹುದು, ಆಮೇಲೆ ಕುಸಿಯಬಹುದು. ಮೆಥನಾಲ್ ಕುಡಿದವರ ಕಣ್ಣು ಮಂಜಾಗುವುದು ಮರುದಿನ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಗಂಟೆಗಟ್ಟಲೆ ಬಿಟ್ಟು ಸಕ್ಕರೆಯನ್ನು ಮತ್ತೆ ಇಳಿಸುತ್ತವೆ, ರಾತ್ರಿ ನಿದ್ದೆಯಲ್ಲೂ.

ಆರ್ಗನೋಫಾಸ್ಫೇಟ್ ಕೀಟನಾಶಕದಲ್ಲಿ ಅಪಾಯ ತಡವಾಗಿ ಬರುವುದು ಇನ್ನೊಂದು ಬಗೆಯಲ್ಲಿ. ಮೊದಲ ಗಂಡಾಂತರ ದಾಟಿ ಮಾತಾಡುತ್ತಿದ್ದವರಿಗೆ 1ರಿಂದ 4 ದಿನದೊಳಗೆ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. ಅದಕ್ಕೇ ನರ್ಸ್ ಆಗಾಗ ಬಂದು "ದಿಂಬಿನಿಂದ ತಲೆ ಎತ್ತಿ ನೋಡೋಣ" ಎನ್ನುತ್ತಾರೆ. ಸುಮ್ನೆ ಕೇಳುವುದಲ್ಲ. ತಲೆ ಎತ್ತಲಾಗದಿದ್ದರೆ ಉಸಿರಿಗೆ ಸಹಾಯ ಬೇಕಾಗುವ ಮುನ್ಸೂಚನೆ ಅದು. ನೀವು ಪಕ್ಕದಲ್ಲಿದ್ದು, ರೋಗಿ ತಲೆ ಎತ್ತಲು ಒದ್ದಾಡುವುದನ್ನೋ ಧ್ವನಿ ಕ್ಷೀಣವಾಗುವುದನ್ನೋ ಕಂಡರೆ ಕೂಡಲೇ ಕರೆಯಿರಿ.

ಆದ್ದರಿಂದ ವೈದ್ಯರ ಸಲಹೆ ಮೀರಿ ಸಹಿ ಹಾಕಿ ಕರೆದುಕೊಂಡು ಹೋಗಬೇಡಿ. ಖರ್ಚಿನ ಚಿಂತೆ ನಿಜವಾದದ್ದು, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಎಷ್ಟು ಗಂಟೆ ಇರಬೇಕು, ಯಾವ ಲಕ್ಷಣಕ್ಕೆ ಕಾಯುತ್ತಿದ್ದೀರಿ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಸಿಕ್ಕರೆ ಕಾಯುವುದು ಸ್ವಲ್ಪ ಸುಲಭವಾಗುತ್ತದೆ.

ಹಂತ 8: ಮನೆಗೆ ಹೋಗುವ ಮುನ್ನ

ಬೇಕೆಂದೇ ತೆಗೆದುಕೊಂಡಿದ್ದರೆ ದೇಹ ಸರಿಹೋದ ಮೇಲೆ ಮನೋವೈದ್ಯರು ಅಥವಾ ಆಪ್ತ ಸಲಹೆಗಾರರು ಬಂದು ಮಾತಾಡುತ್ತಾರೆ. ಅದು ಚಿಕಿತ್ಸೆಯ ಭಾಗವೇ. "ಈಗ ಸರಿಯಾಗಿದ್ದಾನಲ್ಲ, ಅದೆಲ್ಲ ಯಾಕೆ" ಎಂದು ತಪ್ಪಿಸಬೇಡಿ. ಹಾಸಿಗೆಯ ಪಕ್ಕ ನಿಂತು ಬೈಯಬೇಡಿ, ನಮ್ಮ ಮಾನ ಕಳೆದೆ ಎನ್ನಬೇಡಿ. "ನೀನು ಇದ್ದೀಯಲ್ಲ, ಅಷ್ಟು ಸಾಕು" ಎಂದು ಕೈ ಹಿಡಿದು ಕೂತರೂ ದೊಡ್ಡ ಸಹಾಯ. "ಮತ್ತೆ ಸಾಯಬೇಕು ಅನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇರುವುದು ಹೊರಗೆ ಬರುತ್ತದೆ. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ: ನಂಬಿಕೆಯ ಒಬ್ಬರು, ಒಬ್ಬ ಡಾಕ್ಟರ್, ಅಥವಾ ನಿಮ್ಮಲ್ಲಿರುವ ಸಹಾಯವಾಣಿ.

ರೋಗಿ ಮನೆಗೆ ಬರುವ ಮೊದಲೇ ಒಬ್ಬರು ಹೋಗಿ ಉಳಿದ ಮಾತ್ರೆ, ಕೀಟನಾಶಕಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಅಥವಾ ಬೀಗದೊಳಗೆ ಇಡಿ. ಚಿಕ್ಕ ಮಕ್ಕಳಿರುವ ಮನೆಗೂ ಇದೇ ಮಾತು. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸೀಮೆಎಣ್ಣೆಯನ್ನೋ ಕ್ಲೀನರನ್ನೋ ತುಂಬಿಟ್ಟಿದ್ದರೆ ಇವತ್ತೇ ಚೆಲ್ಲದೆ ಜೋಪಾನವಾಗಿ ಅದರ ಮೂಲ ಡಬ್ಬಕ್ಕೇ ಹಾಕಿ.

ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ವಿಷಯ ಇದೆಯೇ ನೋಡಿ: ಸೇರಿದ ವಸ್ತುವಿನ ಹೆಸರು, ಮತ್ತೆ ರಕ್ತ ಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು. ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಮಂಪರು, ಉಸಿರಾಟದ ಕಷ್ಟ, ಕೈಕಾಲಿನ ಬಲಹೀನತೆ, ನುಂಗಲು ತೊಂದರೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ಚೀಟಿ ಹಿಡಿದುಕೊಂಡು ಹೊರಡಿ.